ಪಾಲಕರಲ್ಲಿ ವಿನಂತಿ: ಹತ್ತು ಸಾಲಿನ ಒಂದು ಶಾಲಾ ಪತ್ರಕ್ಕೆ ವ್ಯಾಖ್ಯಾನ

ರಾಯಬಾಗ ತಾಲ್ಲೂಕಿನ ಒಂದು ಸರಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಮಾಸ್ತರ. ನಮ್ಮ ಮಕ್ಕಳಲ್ಲಿ ಮುಕ್ಕಾಲು ಪಾಲು ಊರೊಳಗಿನವರಲ್ಲ, ತೋಟದವರು. ಈ ಕಡೆ ತೋಟವೆಂದರೆ ಕಬ್ಬು, ಗೋವಿನಜೋಳ, ಅರಿಷಿಣದ ಹೊಲದ ನಡುವೆಯೇ ಮನೆ ಕಟ್ಟಿಕೊಂಡ ವಸತಿ. ಒಂದೊಂದು ಮನೆತನಕ್ಕೆ ಒಂದೊಂದು ತೋಟ. ಕೆಲವು ಕಡೆ ಆ ಮನೆತನದ ಹೆಸರಿನಲ್ಲೇ ಒಂದು ಪುಟ್ಟ ಶಾಲೆ. ಊರಿನ ಶಾಲೆಗೆ ಬರುವ ಮಗು ಮೊದಲು ಬದುವು, ಆಮೇಲೆ ಘಟಪ್ರಭಾ ಎಡದಂಡೆ ಕಾಲುವೆಯ ದಾರಿ, ಆಮೇಲೆ ಡಾಂಬರು ರಸ್ತೆ ದಾಟಿ ಬರಬೇಕು.

ಬಹಳ ವರ್ಷ ನಮ್ಮ ಗೋಡೆಯ ಮೇಲೆ ನಾಲ್ಕು ಸಾಲಿನ ಒಂದು ಪ್ರಕಟಣೆ ಇತ್ತು. ಮೂರು ಸಾಲು ‘ತಕ್ಕದ್ದು’ ಎಂದು ಮುಗಿಯುತ್ತಿದ್ದವು, ನಾಲ್ಕನೆಯದು ‘ಕ್ರಮ ಕೈಗೊಳ್ಳಲಾಗುವುದು’ ಎಂದು. ಯಾವ ಕ್ರಮ, ಯಾರ ಮೇಲೆ ಎಂದು ಯಾರೂ ಕೇಳಲಿಲ್ಲ, ನಾವೂ ಹೇಳಲಿಲ್ಲ. ಒಂದು ಜೂನ್ ತಿಂಗಳ ಸಭೆಯಲ್ಲಿ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯವರ ಜೊತೆ ಕೂತು ಅದನ್ನು ತೆಗೆದು ಹತ್ತು ಸಾಲಿನ ಹೊಸ ಪತ್ರ ಬರೆದೆವು. ಕೆಳಗೆ ಅದನ್ನೇ ಮರಾಠಿಯಲ್ಲೂ ಬರೆದೆವು. ಪಾಲಕರ ಸಭೆಯಲ್ಲಿ ಓದಿ ಮುಗಿಸಿದಾಗ ಹಿಂದೆ ಕೂತಿದ್ದ ಒಬ್ಬ ಅಜ್ಜಿ, “ಸಾಲ ಹತ್ತ ಅದಾವ, ಒಳಗಿನ ಮಾತ ಭಾಳ ಅದಾವಲ್ರಿ ಮಾಸ್ತರ. ಒಂದೊಂದ ಬಿಡಿಸಿ ಹೇಳ್ರಿ” ಎಂದರು. ಅಂದು ಅವರಿಗೆ ಹೇಳಿದ್ದೂ, ಹೇಳದೆ ಉಳಿದದ್ದೂ ಇಲ್ಲಿದೆ.

1. ‘ಪಾಲಕರಲ್ಲಿ ವಿನಂತಿ.’

ಬೆಂಗಳೂರಿನ ಕಡೆ ಪೋಷಕರು ಎನ್ನುತ್ತಾರೆ, ನಮ್ಮಲ್ಲಿ ಪಾಲಕರು. ನನಗೆ ನಮ್ಮ ಪದವೇ ಹೆಚ್ಚು ಸರಿ ಕಾಣುತ್ತದೆ. ಪಾಲಿಸುವವರು ಯಾರೋ ಅವರು ಪಾಲಕರು: ಅವ್ವ ಅಪ್ಪ ದುಡಿಯಲು ಹೋದಾಗ ಮಗುವನ್ನು ಇಟ್ಟುಕೊಂಡ ಆಯಿ, ಸೋದರಮಾವ, ಲಗ್ನವಾಗದ ಕಾಕಾ, ಎಲ್ಲರೂ. ಸಭೆಗೆ ಕರೆದಾಗ “ನಾನು ತಾಯಿಯಲ್ಲ, ನಾ ಯಾಕ ಬರಲಿ” ಎಂದು ಯಾರೂ ಹಿಂದೆ ಸರಿಯಬಾರದು ಎಂಬುದಕ್ಕಾಗಿಯೇ ‘ತಂದೆ ತಾಯಿ’ ಎಂದು ಬರೆಯಲಿಲ್ಲ.

‘ವಿನಂತಿ’ ಎಂಬುದು ಕನ್ನಡಕ್ಕೂ ಮರಾಠಿಗೂ ಸಮನಾದ ಪದ. ಗಡಿಯ ಶಾಲೆಗೆ ಅದು ಅನುಕೂಲ. ಆದರೆ ಅಪ್ಪಣೆಯ ಜಾಗದಲ್ಲಿ ವಿನಂತಿ ಯಾಕೆ ಎಂದು ಸಮಿತಿಯಲ್ಲೇ ಒಬ್ಬರು ಕೇಳಿದರು. ಅದಕ್ಕೆ ಸ್ವಲ್ಪ ಹಿಂದೆ ಹೋಗಬೇಕು.

ರಾಯಬಾಗ 1949ರವರೆಗೆ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು. ಆ ಸಂಸ್ಥಾನದ ಛತ್ರಪತಿ ಶಾಹು ಮಹಾರಾಜರು 1917ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಉಚಿತ ಮತ್ತು ಕಡ್ಡಾಯ ಮಾಡಿದರು. ಮಗುವನ್ನು ಶಾಲೆಗೆ ಕಳಿಸದ ಪಾಲಕರಿಗೆ ತಿಂಗಳಿಗೆ ಒಂದು ರೂಪಾಯಿ ದಂಡ. ಆ ಕಾಲದ ಒಂದು ರೂಪಾಯಿ ಎಂದರೆ ಕೂಲಿಯವನ ಹಲವು ದಿನದ ದುಡಿಮೆ. ಅಕ್ಷರ ಕೆಲವೇ ಮನೆಗಳ ಸ್ವತ್ತಾಗಿದ್ದ ಕಾಲದಲ್ಲಿ, ನಿನ್ನ ಮಗುವೂ ಬರಲೇಬೇಕು ಎಂದು ಒಬ್ಬ ಅರಸ ಕೊನೆಯ ಮನೆಯವನಿಗೂ ಹೇಳಿದ್ದು ಸಣ್ಣ ಮಾತಲ್ಲ. ಆ ದಂಡದ ಹಿಂದೆ ದೊಡ್ಡ ಗೌರವವಿತ್ತು ಎಂದು ನಾನು ತಿಳಿಯುತ್ತೇನೆ.

ಇಂದಿನ ಕಾನೂನಿನ ದಾರಿ ಬೇರೆ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಗುವಿಗೆ ಹಕ್ಕು ಕೊಟ್ಟಿದೆ. ಮಗುವನ್ನು ಶಾಲೆಗೆ ಸೇರಿಸುವುದು ಪಾಲಕರ ಕರ್ತವ್ಯ ಎಂದು 10ನೇ ಕಲಂ ಹೇಳುತ್ತದೆ, ಆದರೆ ದಂಡ ಹೇಳುವುದಿಲ್ಲ. ಮಗು ಸೇರಿದೆಯೇ, ಬರುತ್ತಿದೆಯೇ, ಓದು ಮುಗಿಸಿದೆಯೇ ಎಂದು ನೋಡಿಕೊಳ್ಳುವ ಹೊಣೆಯನ್ನು ಕಾಯ್ದೆ ಸರಕಾರದ ಮೇಲೆ ಹೊರಿಸಿದೆ. ಕೂಲಿ ತಪ್ಪಿದರೆ ಒಲೆ ಹೊತ್ತದ ಮನೆಗೆ ದಂಡ ಹಾಕಿದರೆ ಅದನ್ನು ತೀರಿಸಲು ಮಗುವೂ ಕೂಲಿಗೆ ಹೋಗಬೇಕಾದೀತು. ಅದಕ್ಕೆ ವಿನಂತಿ.

2. ‘ಮೊದಲ ಗಂಟೆ 9:50ಕ್ಕೆ, ಪ್ರಾರ್ಥನೆ 10ಕ್ಕೆ. ಶನಿವಾರ ಬೆಳಗಿನ ಶಾಲೆ.’

ಹತ್ತು ನಿಮಿಷ ತಡವಾದರೆ ಏನು ಮುಳುಗಿ ಹೋಗುತ್ತದೆ ಎಂದು ಕೇಳುವವರಿಗೆ ನಾನು ಹಲಗೆಯ ಮೇಲೆ ಲೆಕ್ಕ ಮಾಡಿ ತೋರಿಸುತ್ತೇನೆ. ಕಾಯ್ದೆಯ ಪ್ರಕಾರ 6ರಿಂದ 8ನೇ ತರಗತಿಗೆ ವರ್ಷಕ್ಕೆ ಕನಿಷ್ಠ 220 ದಿನ, 1,000 ತಾಸು ಪಾಠ ನಡೆಯಬೇಕು. 1ರಿಂದ 5ಕ್ಕೆ 200 ದಿನ, 800 ತಾಸು. ದಿನಕ್ಕೆ ಹತ್ತು ನಿಮಿಷದಂತೆ 220 ದಿನಕ್ಕೆ 2,200 ನಿಮಿಷ, ಎಂದರೆ ಮೂವತ್ತಾರೂವರೆ ತಾಸಿಗೂ ಹೆಚ್ಚು. ದಿನದ ಪಾಠ ನಾಲ್ಕೂವರೆ ತಾಸು ಹಿಡಿದರೆ ಎಂಟು ದಿನದ ಶಾಲೆ ಹೋಯಿತು. ಒಂದು ದಿನವೂ ಗೈರಾಗದ ಮಗು ಎಂಟು ದಿನ ಗೈರಾದಂತೆ. ಈ ಲೆಕ್ಕ ಬಿಡಿಸುವಾಗ ಮಕ್ಕಳು ತಾವೇ ಬೆರಳು ಮಡಿಚಿ ಎಣಿಸುತ್ತಾರೆ, ಸಭೆಯಲ್ಲಿ ಪಾಲಕರೂ ಹಾಗೇ ಎಣಿಸಿದರು.

ಕಳೆಯುವುದು ಯಾವ ಹತ್ತು ನಿಮಿಷ ಎಂಬುದು ಇನ್ನೂ ಮುಖ್ಯ. ಅದು ಯಾವತ್ತೂ ಮೊದಲ ತಾಸಿನದೇ. ನಮ್ಮಲ್ಲಿ ಆಗ ಮೊದಲ ತಾಸು ಗಣಿತವಿತ್ತು. ಹೊಸ ಲೆಕ್ಕದ ರೀತಿ ಹೇಳಿಕೊಡುವುದು ಆರಂಭದಲ್ಲಿ. ತಡವಾಗಿ ಬಂದವನಿಗೆ ಸಿಗುವುದು ಅಭ್ಯಾಸದ ಲೆಕ್ಕ ಮಾತ್ರ. ರೀತಿ ಗೊತ್ತಿಲ್ಲದೆ ಅಭ್ಯಾಸ ಮಾಡಲು ಹೊರಟ ಮಗು ತಾನು ದಡ್ಡ ಎಂದುಕೊಳ್ಳುತ್ತದೆ. ನಮ್ಮ ಶಾಲೆಯಲ್ಲಿ ಗಣಿತಕ್ಕೆ ಹೆದರುವ ಮಕ್ಕಳ ಹೆಸರನ್ನೂ ತಡವಾಗಿ ಬರುವವರ ಹೆಸರನ್ನೂ ಒಮ್ಮೆ ಅಕ್ಕಪಕ್ಕ ಬರೆದು ನೋಡಿದೆ. ಬಹಳಷ್ಟು ಹೆಸರು ಎರಡೂ ಕಡೆ ಇದ್ದವು. ಅಂದಿನಿಂದ ಗಣಿತವನ್ನು ಎರಡನೆಯ ತಾಸಿಗೆ ಸರಿಸಿದ್ದೇವೆ.

ಒಂದರಿಂದ ಮೂರನೆಯ ತರಗತಿಯವರಿಗೆ ಈ ಪೆಟ್ಟು ಸ್ವಲ್ಪ ಕಡಿಮೆ. ಅಲ್ಲಿ ನಲಿ-ಕಲಿ ಪದ್ಧತಿ. ಪ್ರತಿ ಮಗುವಿಗೂ ಏಣಿಯ ಮೇಲೆ ತನ್ನದೇ ಮೆಟ್ಟಿಲು. ನಾಲ್ಕು ದಿನ ಬಿಟ್ಟು ಬಂದರೂ ನಿಂತ ಮೆಟ್ಟಿಲಿನಿಂದಲೇ ಹತ್ತಬಹುದು. ನಾಲ್ಕನೆಯ ತರಗತಿಗೆ ಬಂದ ಮೇಲೆ ಆ ಏಣಿ ಇಲ್ಲ. ಪಾಠ ಮುಂದೆ ಹೋಗಿಬಿಟ್ಟಿರುತ್ತದೆ.

3. ‘ಗುರುಗಳು ಮಕ್ಕಳಿಗಿಂತ ಮೊದಲು ಶಾಲೆಯಲ್ಲಿರುತ್ತಾರೆ.’

ಈ ಸಾಲನ್ನು ಬರೆಸಿದವರು ತಾಯಂದಿರು. ಕಾನೂನೂ ಅವರ ಕಡೆಗಿದೆ. ಶಿಕ್ಷಣ ಹಕ್ಕು ಕಾಯ್ದೆಯ 24ನೇ ಕಲಂ ಮಾಸ್ತರರ ಕರ್ತವ್ಯಗಳನ್ನು ಹೇಳುವಾಗ ಎಲ್ಲಕ್ಕಿಂತ ಮೊದಲು ಇಟ್ಟಿರುವುದು ದಿನಾಲೂ ಶಾಲೆಗೆ ಬರುವುದನ್ನು ಮತ್ತು ವೇಳೆಗೆ ಸರಿಯಾಗಿ ಬರುವುದನ್ನು. ಪಾಲಕರನ್ನು ಕರೆದು ಮಗುವಿನ ಹಾಜರಿಯ ಬಗ್ಗೆ ಮಾತಾಡಬೇಕೆಂಬುದು ಅದೇ ಪಟ್ಟಿಯಲ್ಲಿ ಆಮೇಲೆ ಬರುತ್ತದೆ. ಈ ಅನುಕ್ರಮ ಸರಿಯಾಗಿದೆ.

ನಾನು ಬಸ್ಸಿನಲ್ಲಿ ಬರುವವನು. ಸೀಸನ್ ಶುರುವಾದರೆ ಎರಡೆರಡು ಟ್ರೇಲರ್ ಕಟ್ಟಿದ ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಬಸ್ಸು ತೆವಳುತ್ತದೆ. ಹಾಗೆ ತಡವಾಗಿ ಬಂದ ದಿನ ಮಕ್ಕಳು ಬೀಗ ಹಾಕಿದ ಕೋಣೆಯ ಮುಂದೆ ಚೀಲ ಇಟ್ಟುಕೊಂಡು ಕೂತಿದ್ದನ್ನು ಕಂಡಿದ್ದೇನೆ. ನನ್ನನ್ನು ಯಾರೂ ಹೊರಗೆ ನಿಲ್ಲಿಸಲಿಲ್ಲ. ಈಗ ಮೊದಲಿನ ಬಸ್ಸು ಹಿಡಿಯುತ್ತೇನೆ.

4. ‘ತಡವಾಗಿ ಬಂದ ಮಗುವನ್ನು ಹೊರಗೆ ನಿಲ್ಲಿಸುವುದಿಲ್ಲ. ಯಾಕೆ ತಡವಾಯಿತೆಂದು ಪಾಲಕರನ್ನು ಕೇಳುತ್ತೇವೆ.’

ಐದನೆಯ ತರಗತಿಯಲ್ಲಿದ್ದಾಗ ಒಂದು ದಿನ ಎಮ್ಮೆ ಈಯಿತೆಂದು ಮನೆಯಲ್ಲಿ ಎಲ್ಲವೂ ಹಿಂದೆ ಬಿತ್ತು, ನಾನು ಪ್ರಾರ್ಥನೆ ಮುಗಿದ ಮೇಲೆ ಶಾಲೆ ಮುಟ್ಟಿದೆ. ಬಿಸಿಲಿನಲ್ಲಿ ನಿಲ್ಲಿಸಿದರು. ಮರುದಿನ ಐದೇ ನಿಮಿಷ ತಡವಾಯಿತು. ದೂರದಿಂದ ಪ್ರಾರ್ಥನೆಯ ದನಿ ಕೇಳಿಸಿದೊಡನೆ ಕಾಲು ಕಾಲುವೆ ಕಡೆ ತಿರುಗಿದವು. ಇಡೀ ದಿನ ಹುಣಸೆ ಗಿಡದ ಕೆಳಗೆ ಕೂತು, ಶಾಲೆ ಬಿಡುವ ಹೊತ್ತಿಗೆ ಮನೆಗೆ ಹೋದೆ. ನಿಲ್ಲಿಸಿದ್ದರಿಂದ ನಾನು ಕಲಿತದ್ದು ವೇಳೆಗೆ ಬರುವುದನ್ನಲ್ಲ, ತಡವಾದರೆ ಬರದೇ ಇರುವುದನ್ನು. ಐದು ನಿಮಿಷದ ತಪ್ಪು ಒಂದು ದಿನದ ತಪ್ಪಾಯಿತು.

ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ಕಾಯ್ದೆಯ 17ನೇ ಕಲಂ ನಿಷೇಧಿಸಿದೆ. ಅಷ್ಟಾದರೂ ಮಗುವನ್ನು ಹೊರಗೆ ನಿಲ್ಲಿಸುವುದು ಶಿಸ್ತು ಎಂದು ನಂಬಿದವರು ಇದ್ದಾರೆ. ಅವರಿಗೆ ನನ್ನದೊಂದು ಪ್ರಶ್ನೆ: ಎಂಟು ವರ್ಷದ ಹುಡುಗನ ಬೆಳಗನ್ನು ನಡೆಸುವವರು ಯಾರು? ಎಬ್ಬಿಸುವವರು ಬೇರೆ, ರೊಟ್ಟಿ ಬಡಿಯುವವರು ಬೇರೆ, ಬಸ್ಸು ಬಿಡುವವರು ಬೇರೆ. ಹಾಜರಿ ಪುಸ್ತಕದಲ್ಲಿ ಮಗುವಿನ ಹೆಸರಿನ ಮುಂದೆ ಬೀಳುವುದು ಬಹುಮಟ್ಟಿಗೆ ದೊಡ್ಡವರ ವೇಳಾಪಟ್ಟಿ.

ನಮ್ಮ ಕಡೆ ಆ ವೇಳಾಪಟ್ಟಿಯಲ್ಲಿ ದೊಡ್ಡದು ಕರೆಂಟಿನ ಪಾಳಿ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ವಿದ್ಯುತ್ತು ಒಂದು ವಾರ ಹಗಲು, ಒಂದು ವಾರ ರಾತ್ರಿ ಎಂದು ಸರದಿಯ ಮೇಲೆ ಬರುತ್ತದೆ. ಒಬ್ಬ ಹುಡುಗ ವಾರ ಬಿಟ್ಟು ವಾರ ತಡವಾಗಿ ಬರುತ್ತಿದ್ದ. ಅವನ ತಾಯಿಯನ್ನು ಕೇಳಿದೆ. “ರಾತ್ರಿ ಎರಡಕ್ಕ ಕರೆಂಟ್ ಬರತೈತ್ರಿ ಸರ್. ಅವರಪ್ಪ ಒಬ್ಬರ ನೀರ ಹಾಯಸಾಕ ಆಗೂದಿಲ್ಲಂತ ಇವನೂ ಬ್ಯಾಟರಿ ಹಿಡಕೊಂಡ ಹೋಗ್ತಾನ. ಮುಂಜಾನೆ ಎಬ್ಬಸಾಕ ಜೀವ ಒಪ್ಪೂದಿಲ್ರಿ” ಎಂದರು. ಕಬ್ಬಿನೊಳಗೆ ಹಾವು ಚೇಳಿನ ಭಯದಲ್ಲಿ ಬೆಳಕು ಹಿಡಿದು ನಿಂತ ಹುಡುಗನನ್ನು ಮುಂಜಾನೆ ಬಿಸಿಲಿಗೆ ನಿಲ್ಲಿಸಿದ್ದರೆ ನಾವು ಮಾಸ್ತರರು ಎಂಥವರು?

5. ‘ಮಗು ಬರದ ದಿನ 10:30ರೊಳಗೆ ತಿಳಿಸಿ. ಚೀಟಿ ಬೇಕಿಲ್ಲ, ಫೋನ್ ಸಾಕು.’

ಹಾಜರಿ, ಗೈರು ಎರಡೂ ಅರಬ್ಬಿಯಿಂದ ಬಂದ ಪದಗಳು. ಹಾಜರ್ ಎಂದರೆ ಎದುರಿಗಿರುವುದು. ಗೈರ್ ಎಂದರೆ ಇಲ್ಲದ್ದು, ಹೊರತಾದದ್ದು. ಇಂದು ಬರಲಾಗದು ಎಂದು ತಿಳಿಸಿದ ಮಗು ನನ್ನ ಲೆಕ್ಕದಲ್ಲಿ ಶಾಲೆಯಿಂದ ಹೊರತಾಗಿಲ್ಲ.

ರಜೆ ಅರ್ಜಿ ಬೇಕು ಎಂದಾಗಲೆಲ್ಲ ಓದು ಬರದ ಮನೆಗಳು ಸುಮ್ಮನಾದವು. ಬರೆಯಲು ಬಾರದವರಿಂದ ಬರಹ ಕೇಳಿದ ತಪ್ಪು ನಮ್ಮದು. ಈಗ ಒಂದು ಮಿಸ್ಡ್ ಕಾಲ್ ಕೊಟ್ಟರೂ ನಾವೇ ತಿರುಗಿ ಮಾಡುತ್ತೇವೆ.

10:30ಕ್ಕೆ ಇನ್ನೊಂದು ಕಾರಣ ಅಡುಗೆ ಮನೆ. ಮೊದಲ ತಾಸಿನಲ್ಲೇ ತಲೆ ಎಣಿಸಿ ಬಿಸಿಯೂಟದ ಅಡುಗೆಯವರಿಗೆ ಲೆಕ್ಕ ಕೊಡಬೇಕು: 1ರಿಂದ 5ನೆಯ ತರಗತಿಯ ಮಗುವಿಗೆ 100 ಗ್ರಾಂ ಧಾನ್ಯ, 6ರಿಂದ 8ಕ್ಕೆ 150 ಗ್ರಾಂ. ತಡವಾಗಿ ಬಂದ ಮಗುವಿಗೆ ಊಟ ಇಲ್ಲ ಎಂಬ ಮಾತು ನಮ್ಮಲ್ಲಿಲ್ಲ. ಹನ್ನೆರಡಕ್ಕೆ ಬಂದರೂ ತಾಟು ಸಿಗುತ್ತದೆ.

ಹೊಳೆಗೆ ಪ್ರವಾಹ ಬಂದಾಗ ಈ ಸಾಲು ಅನ್ವಯಿಸುವುದಿಲ್ಲ. 2019ರ ಆಗಸ್ಟಿನಲ್ಲಿ ಕೃಷ್ಣೆ ಏರಿ ಕುಡಚಿ ಸೇತುವೆ ಮುಳುಗಿದಾಗ ನದಿ ದಂಡೆಯ ಮಕ್ಕಳಿಗೆ ಶಾಲೆಯ ಕೋಣೆಯೇ ಕಾಳಜಿ ಕೇಂದ್ರವಾಗಿತ್ತು. ಅವರು ಶಾಲೆಯಲ್ಲೇ ಉಂಡು, ಶಾಲೆಯಲ್ಲೇ ಮಲಗಿದ್ದರು. ಪಾಠ ಮಾತ್ರ ಇರಲಿಲ್ಲ.

6. ‘ಜಾತ್ರೆ, ಲಗ್ನಕ್ಕೆ ಹೋಗುವುದಿದ್ದರೆ ಮೊದಲೇ ಹೇಳಿ.’

‘ಹೋಗಬೇಡಿ’ ಎಂದು ಬರೆಯಲಿಲ್ಲ. ಭಾರತ ಹುಣ್ಣಿಮೆಗೆ ಚಿಂಚಲಿ ಮಾಯಕ್ಕನ ಜಾತ್ರೆ. ಮಹಾರಾಷ್ಟ್ರದ ಊರುಗಳಿಂದ ಬಂಡಿ ಕಟ್ಟಿಕೊಂಡು ಜನ ಬರುತ್ತಾರೆ. ಆ ಬಂಡಿಗಳ ಸಾಲು ದಾರಿಯಲ್ಲಿ ಹೋಗುವಾಗ ಕೋಣೆಯೊಳಗೆ ಕೂತು ಭಾಗಾಕಾರ ಮಾಡು ಎಂದರೆ ಯಾವ ಮಗು ಮಾಡೀತು? ಜಾತ್ರೆಗೆ ಒಂದು ದಿನ, ಬೀಗರು ಬಂದಿದ್ದರೆ ಎರಡು ದಿನ. ಅದು ಒಂದು ವಾರವಾಗಬಾರದು. ಮೊದಲೇ ಹೇಳಿದರೆ ಆ ದಿನದ ಪಾಠವನ್ನು ಮುಂದಕ್ಕಿಡಬಹುದು.

7. ‘ಕಬ್ಬಿನ ಸೀಸನ್‌ಗೆ ಮಗುವನ್ನು ಕರೆದುಕೊಂಡು ಹೋಗುವ ಮುನ್ನ ಶಾಲೆಗೆ ಬನ್ನಿ.’

ಹತ್ತರಲ್ಲಿ ಈ ಸಾಲಿಗೇ ಹೆಚ್ಚು ಹೊತ್ತು ಚರ್ಚೆಯಾಯಿತು. ದೀಪಾವಳಿಯ ಆಸುಪಾಸಿನಲ್ಲಿ ಕಾರ್ಖಾನೆಗಳು ಕಬ್ಬು ನುರಿಸಲು ಶುರು ಮಾಡುತ್ತವೆ. ಈ ಸೀಮೆಗೆ ಅದು ಹೊಸದಲ್ಲ; ಉಗಾರದ ಸಕ್ಕರೆ ಕಾರ್ಖಾನೆ ಸ್ವಾತಂತ್ರ್ಯಕ್ಕೂ ಮೊದಲಿನದು. ಆ ಹೊತ್ತಿಗೆ ಎರಡು ಕಡೆಯ ಓಡಾಟ ಶುರು. ನಮ್ಮ ಶಾಲೆಯ ಕೆಲವು ಮನೆಯವರು ಮುಂಗಡ ಪಡೆದು ಕಟಾವಿಗೆ ಹೊರಡುತ್ತಾರೆ. ಅತ್ತ ಬೀಡ ಕಡೆಯಿಂದ, ವಿಜಯಪುರ ಕಡೆಯಿಂದ ಕಬ್ಬು ಕಡಿಯುವವರ ಟೋಳಿಗಳು ಇಲ್ಲಿಗೆ ಬಂದು ಹೊಲದ ಬದಿಯಲ್ಲಿ ಗುಡಿಸಲು ಹಾಕುತ್ತವೆ.

ಮರಾಠವಾಡದ ಟೋಳಿಗಳಲ್ಲಿ ಗಂಡ ಹೆಂಡತಿಯ ಜೋಡಿಯನ್ನು ಒಂದು ‘ಕೊಯ್ತಾ’ ಎಂದು ಎಣಿಸುತ್ತಾರೆ. ಕೊಯ್ತಾ ಎಂದರೆ ಕಬ್ಬು ಕಡಿಯುವ ಕತ್ತಿ. ಮುಂಗಡ ಕೊಡುವುದು ಜೋಡಿಗೆ, ಎಣಿಕೆ ಜೋಡಿಯದು; ಮನೆಯಲ್ಲಿ ಯಾರಾದರೊಬ್ಬರು ಉಳಿಯುವ ಮಾತೇ ಇಲ್ಲ. ಹಾಗಾದರೆ ಮಗು ಎಲ್ಲಿ ಉಳಿಯಬೇಕು? ಮಗುವನ್ನು ಬಿಟ್ಟು ಹೋಗಿ ಎನ್ನುವುದು ಸುಲಭ, ಇಟ್ಟುಕೊಳ್ಳುವವರು ಬೇಕಲ್ಲ. ಆಯಿ ಗಟ್ಟಿ ಇದ್ದರೆ ಆಯಿಯ ಹತ್ತಿರ, ಇಲ್ಲವೇ ಋತುಮಾನದ ವಸತಿ ಶಾಲೆ ಸಿಕ್ಕರೆ ಅಲ್ಲಿ. ಎರಡೂ ಆಗದಿದ್ದರೆ ಮಗು ಹೋಗಲೇಬೇಕು.

ಹೋಗುವ ಮುನ್ನ ಶಾಲೆಗೆ ಬನ್ನಿ ಎಂದದ್ದು ತಡೆಯಲಿಕ್ಕಲ್ಲ. ಒಂದು ಶಾಲೆಯಿಂದ ಇನ್ನೊಂದಕ್ಕೆ ಹೋಗುವುದು ಮಗುವಿನ ಹಕ್ಕು ಎಂದು ಕಾಯ್ದೆಯ 5ನೇ ಕಲಂ ಹೇಳುತ್ತದೆ; ವರ್ಗಾವಣೆ ಪತ್ರವನ್ನು ಮುಖ್ಯ ಗುರುಗಳು ಕೂಡಲೇ ಕೊಡಬೇಕು, ಆ ಪತ್ರ ತಡವಾಯಿತೆಂದು ಅಲ್ಲಿಯ ಶಾಲೆ ಸೇರಿಸಿಕೊಳ್ಳದೆ ಇರುವಂತಿಲ್ಲ. ಅದನ್ನು ಕೊಡುವುದರ ಜೊತೆಗೆ ಹೋಗುವ ಊರಿನ ಶಾಲೆಗೆ ನಾವು ಒಂದು ಫೋನ್ ಮಾಡುತ್ತೇವೆ, ಓದಿದ್ದು ಎಲ್ಲಿಗೆ ಬಂದಿದೆ ಎಂದು ಒಂದು ಹಾಳೆ ಬರೆದು ಚೀಲದಲ್ಲಿಡುತ್ತೇವೆ. ಗಡಿಯಾಚೆ ಜತ್ತ ತಾಲ್ಲೂಕಿನಲ್ಲಿ ಕನ್ನಡ ಶಾಲೆಗಳಿವೆ, ಈಚೆ ನಮ್ಮಲ್ಲಿ ಮರಾಠಿ ಶಾಲೆಗಳಿವೆ. ಮಗು ಬಂದು ನಿಂತ ಕಡೆ ಅದರ ಭಾಷೆಯ ಶಾಲೆ ಎಷ್ಟೋ ಸಲ ನಡೆದು ಹೋಗುವಷ್ಟು ಹತ್ತಿರದಲ್ಲೇ ಇರುತ್ತದೆ, ಹೇಳುವವರು ಇರುವುದಿಲ್ಲ.

ಒಂದು ಸಾಲಿನ ವಿನಂತಿ ಈ ಕಡೆಯ ಹೊಲದ ಮಾಲಕರಿಗೂ ಇದೆ, ಅದನ್ನು ಪತ್ರದಲ್ಲಿ ಬರೆಯಲಾಗಲಿಲ್ಲ: ನಿಮ್ಮ ಹೊಲಕ್ಕೆ ಬಂದ ಟೋಳಿಯಲ್ಲಿ ಮಕ್ಕಳಿದ್ದರೆ ಶಾಲೆಗೆ ಒಂದು ಸುದ್ದಿ ಮುಟ್ಟಿಸಿ.

8. ‘ತಮ್ಮ ತಂಗಿಯನ್ನು ನೋಡಿಕೊಳ್ಳಲು ಮಗಳನ್ನು ಮನೆಯಲ್ಲಿ ಬಿಡಬೇಡಿ.’

‘ಮಗುವನ್ನು’ ಎಂದು ಬರೆದಿದ್ದೆವು. ಸಮಿತಿಯ ಒಬ್ಬ ತಾಯಿ ಅದನ್ನು ‘ಮಗಳನ್ನು’ ಎಂದು ತಿದ್ದಿಸಿದರು. ಮಗನನ್ನು ಇದಕ್ಕಾಗಿ ಯಾರೂ ಬಿಡಿಸುವುದಿಲ್ಲ ಎಂದರು. ಹಾಜರಿ ಪುಸ್ತಕ ತೆಗೆದು ನೋಡಿದರೆ ಅವರ ಮಾತು ನಿಜ. ಅರಿಷಿಣ ಅಗೆಯುವ ದಿನಗಳಲ್ಲಿ, ಕಸ ತೆಗೆಯುವ ದಿನಗಳಲ್ಲಿ ಐದು, ಆರನೆಯ ತರಗತಿಯ ಹುಡುಗಿಯರ ಹೆಸರಿನ ಮುಂದೆ ಗೈರು ಬೀಳುತ್ತದೆ.

ತಾಯಿ ಕೂಲಿಗೆ ಹೋಗಲೇಬೇಕು, ಕೂಸು ಒಂದೇ ಇರಲಾಗದು. ಮೂರು ವರ್ಷ ದಾಟಿದ ಕೂಸಿಗೆ ಅಂಗನವಾಡಿ ಇದೆ. ಅದಕ್ಕಿಂತ ಸಣ್ಣ ಕೂಸುಗಳಿಗೆ ಗ್ರಾಮ ಪಂಚಾಯ್ತಿಗಳಲ್ಲಿ ‘ಕೂಸಿನ ಮನೆ’ ಎಂಬ ಯೋಜನೆ 2023ರಿಂದ ಬಂದಿದೆ. ತೋಟದ ಮನೆಗಳಿಗೆ ಎರಡೂ ದೂರ. ಹಾಗಾಗಿ ಈ ಸಾಲಿನಲ್ಲಿ ‘ಬಿಡಬೇಡಿ’ ಎಂದು ಗಟ್ಟಿಯಾಗಿ ಬರೆದರೂ, ಅಂಗನವಾಡಿಯ ವೇಳೆಗೂ ಶಾಲೆಯ ವೇಳೆಗೂ ಹೊಂದಿಸಿ ಅಕ್ಕ ತಮ್ಮನನ್ನು ಕರೆತಂದು ಬಿಟ್ಟು ಬರಲು ಹತ್ತು ನಿಮಿಷ ತಡವಾದರೆ ಅದನ್ನು ತಡವೆಂದು ಬರೆಯುವುದಿಲ್ಲ.

9. ‘ಮೂರು ದಿನ ಸುದ್ದಿಯಿಲ್ಲದೆ ಮಗು ಬರದಿದ್ದರೆ ನಾವು ಮನೆಗೆ ಬರುತ್ತೇವೆ.’

ಕರ್ನಾಟಕದಲ್ಲಿ ಸತತ ಏಳು ದಿನ ಕಾರಣವಿಲ್ಲದೆ ಬರದ ಮಗುವನ್ನು ಶಾಲೆಯಿಂದ ಹೊರಗುಳಿದ ಮಗು ಎಂದು ಎಣಿಸಬೇಕು. ಮೊದಲು ಈ ಗಡುವು ಬಹಳ ಉದ್ದವಿತ್ತು. 2013ರಲ್ಲಿ ರಾಜ್ಯದ ಹೈಕೋರ್ಟು ಶಾಲೆ ಬಿಟ್ಟ ಮಕ್ಕಳ ವಿಷಯವನ್ನು ತಾನಾಗಿ ಕೈಗೆತ್ತಿಕೊಂಡ ಮೇಲೆ ಅದು ಏಳು ದಿನಕ್ಕೆ ಇಳಿಯಿತು. ನಮ್ಮ ತಾಯಂದಿರಿಗೆ ಏಳೂ ಹೆಚ್ಚೆನಿಸಿತು. ಮೂರು ಎಂದರು.

ಮೂರು ಯಾಕೆಂದು ಆಮೇಲೆ ನನಗೆ ತಿಳಿಯಿತು. ಏಳನೆಯ ತರಗತಿಯ ಒಬ್ಬ ಹುಡುಗಿ, ವರ್ಷಪೂರ್ತಿ ತಪ್ಪಿಸದವಳು, ಮೂರು ದಿನ ಬರಲಿಲ್ಲ. ಮೂರನೆಯ ದಿನ ಸಂಜೆ ನಮ್ಮ ಶಾಲೆಯ ಅಕ್ಕೋರು (ಶಿಕ್ಷಕಿ) ಮತ್ತು ನಾನು ತೋಟಕ್ಕೆ ಹೋದೆವು. ಅಂಗಳದಲ್ಲಿ ಹೊಸ ಬಣ್ಣದ ಪಾತ್ರೆಗಳಿದ್ದವು. ಬೀಗರು ಬಂದು ನೋಡಿ ಹೋಗಿದ್ದರು. ಅಕ್ಕೋರು ಚಹಾ ಕುಡಿಯುತ್ತ, ಹುಡುಗಿಯ ಆಯಿಯ ಕೈ ಹಿಡಿದು ಒಂದು ತಾಸು ಮಾತಾಡಿದರು. ಹದಿನೆಂಟರೊಳಗಿನ ಲಗ್ನ ಕಾನೂನಿನ ಮುಂದೆ ನಿಲ್ಲುವುದಿಲ್ಲ ಎಂದೂ ಹೇಳಿದರು, 1098 ಎಂಬ ಮಕ್ಕಳ ಸಹಾಯವಾಣಿ ಇದೆ ಎಂದೂ ಹೇಳಿದರು. ಹುಡುಗಿ ಸೋಮವಾರ ಶಾಲೆಗೆ ಬಂದಳು. ಏಳು ದಿನ ಕಾದಿದ್ದರೆ ಅರಿಷಿಣ ಹಚ್ಚಿ ಆಗಿರುತ್ತಿತ್ತು.

10. ‘ನೀವು ಶಾಲೆಗೆ ಹೇಳಬೇಕಾದ್ದನ್ನು ಕೆಳಗೆ ಬರೆಯಿರಿ, ಇಲ್ಲವೇ ಹೇಳಿ ಬರೆಸಿ.’

ಕೆಳಗೆ ನಾಲ್ಕು ಗೆರೆ ಖಾಲಿ ಬಿಟ್ಟಿದ್ದೆವು. ಕೆಲವು ಪತ್ರ ಖಾಲಿಯೇ ಬಂದವು. ಉಳಿದವುಗಳಲ್ಲಿ ಹೆಚ್ಚಿನವು ಮಕ್ಕಳ ಅಕ್ಷರದಲ್ಲಿದ್ದವು, ಹೇಳಿದವರು ದೊಡ್ಡವರು. ಹುಡುಗಿಯರ ಶೌಚಾಲಯಕ್ಕೆ ಮಧ್ಯಾಹ್ನದ ಮೇಲೆ ನೀರಿರುವುದಿಲ್ಲ, ಅದಕ್ಕೇ ಆ ದಿನಗಳಲ್ಲಿ ಮಗಳು ಬರುವುದಿಲ್ಲ ಎಂದು ಒಬ್ಬ ತಾಯಿ ಬರೆಸಿದ್ದರು. ಆ ಅಕ್ಷರ ಅವರ ಮಗಳದೇ. ಇನ್ನೊಂದು ಟ್ಯಾಂಕು ಕೂರಿಸಲು ಸಮಿತಿ ಅದೇ ತಿಂಗಳು ಹಣ ತೆಗೆಯಿತು. ಕಾಲುವೆಗೆ ನೀರು ಬಿಟ್ಟಾಗ ದಂಡೆಯ ದಾರಿ ಜಾರುತ್ತದೆ, ಸಣ್ಣವರ ಜೊತೆ ದೊಡ್ಡ ಮಕ್ಕಳನ್ನು ಜೋಡಿ ಮಾಡಿ ಕಳಿಸಿ ಎಂದು ಇನ್ನೊಬ್ಬರು. ಅದೂ ಆಯಿತು.

ಬ್ಯಾಟರಿ ಹಿಡಿದು ನಿಲ್ಲುತ್ತಿದ್ದ ಹುಡುಗನ ಪತ್ರದಲ್ಲಿ ಒಂದೇ ಸಾಲಿತ್ತು: ರಾತ್ರಿ ಕರೆಂಟಿನ ವಾರ ಯಾವುದೆಂದು ಶಾಲೆಗೂ ಗೊತ್ತಿರಲಿ. ಹೆಸ್ಕಾಂ ಪಾಳಿಯ ಪಟ್ಟಿಯನ್ನು ಈಗ ಕಚೇರಿಯ ಗೋಡೆಗೆ ಅಂಟಿಸಿದ್ದೇವೆ. ಹಾಜರಿ ಪುಸ್ತಕ ತೆರೆಯುವ ಮುನ್ನ ನಾನು ಅದನ್ನು ನೋಡುತ್ತೇನೆ.